ಬಿಗ್ಗಿ ಕೊಲೆಯ ಫೈಲ್ ತೆರೆಯಿರಿ: ಲಾಸ್ ಏಂಜಲೀಸ್ ಪೊಲೀಸ್ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯಸ್ಥರು,
ಲಾಸ್ ಏಂಜಲೀಸ್ ಪೊಲೀಸ್ ಇಲಾಖೆ

ವಿಷಯ: 1997ರ ಮಾರ್ಚ್ 9ರಂದು ನಡೆದ ರ‍್ಯಾಪ್ ಗಾಯಕ ಬಿಗ್ಗಿ, ಅಂದರೆ ಕ್ರಿಸ್ಟೋಫರ್ ವ್ಯಾಲೆಸ್, ಕೊಲೆಯ ಕಡತಗಳನ್ನು ಜನರ ಮುಂದೆ ಇಡುವ ಬಗ್ಗೆ

ಮಾನ್ಯರೇ,

ಕೊಂದವರು ಯಾರು ಅಂತ ಕೇಳೋಕೆ ನಾನು ಈ ಪತ್ರ ಬರೆಯುತ್ತಿಲ್ಲ. ಆ ಪ್ರಶ್ನೆಯನ್ನು ಸತ್ತವನ ತಾಯಿ ವೊಲೆಟ್ಟಾ ವ್ಯಾಲೆಸ್ ನಿಮ್ಮ ಇಲಾಖೆಗೆ ಸುಮಾರು ಇಪ್ಪತ್ತೆಂಟು ವರ್ಷ ಕೇಳಿದರು. ಉತ್ತರ ಸಿಗದೆ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು. ಈ ಕೊಲೆಗೆ ಸಂಬಂಧಪಟ್ಟ ಕಾಗದಗಳನ್ನು ನಿಮ್ಮವರೇ ನ್ಯಾಯಾಲಯದಿಂದ ಬಚ್ಚಿಟ್ಟಿದ್ದರು, 2005ರಲ್ಲಿ ಅದು ಬಯಲಾಯಿತು. ಆಮೇಲೆ ಏನಾಯಿತು?

ನನ್ನ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಕರ್ನಾಟಕದಿಂದ ಬಂದು ನಿಮ್ಮ ಊರಿನಲ್ಲಿ ಕೆಲಸ ಮಾಡಿಕೊಂಡಿರುವವನು. ಇಲ್ಲೇ ತೆರಿಗೆ ಕಟ್ಟುತ್ತೇನೆ. ಆ ಕಾಗದ ಬಚ್ಚಿಟ್ಟದ್ದಕ್ಕೆ ನಗರ ತೆತ್ತ ದಂಡ ನನ್ನಂಥವರ ದುಡ್ಡೇ ಆದ್ದರಿಂದ ಕೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೀರಿ ಅಂತ ಕೇಳಬಹುದು. ಬಿಗ್ಗಿಗಿಂತ ಮೊದಲು ಕೊಲೆಯಾದ ರ‍್ಯಾಪ್ ಗಾಯಕ ಟುಪಾಕ್ ಮುಖದ ಟೀ ಶರ್ಟ್ ಹಾಕಿಕೊಂಡು ಓಡಾಡುವ ಹುಡುಗರು ನಮ್ಮೂರಲ್ಲೂ ಇದ್ದಾರೆ. ಅವನು ಸತ್ತೇ ಇಲ್ಲ, ಕ್ಯೂಬಾದಲ್ಲಿದ್ದಾನೆ ಅಂತ ಹೇಳುವ ವಿಡಿಯೋಗಳನ್ನು ನೋಡುವವರೂ ಇದ್ದಾರೆ. ನಿಮಗೆ ಹೇಳುವುದನ್ನು ಅವರೂ ಓದಲಿ ಅಂತ.

ಅವರಿಗಾಗಿ ಮೊದಲು ನಡೆದದ್ದನ್ನು ಸ್ವಲ್ಪ ಹೇಳುತ್ತೇನೆ. ನಿಮಗೆ ಗೊತ್ತಿರುವುದೇ.

1996ರ ಸೆಪ್ಟೆಂಬರ್ 7ರ ರಾತ್ರಿ ಲಾಸ್ ವೇಗಸ್‌ನಲ್ಲಿ ಮೈಕ್ ಟೈಸನ್ ಬಾಕ್ಸಿಂಗ್ ಪಂದ್ಯ ಮುಗಿದ ಮೇಲೆ, ಫ್ಲೆಮಿಂಗೋ ರಸ್ತೆ ಮತ್ತು ಕೋವಲ್ ಲೇನ್ ಸೇರುವ ಸಿಗ್ನಲ್‌ನಲ್ಲಿ ಟುಪಾಕ್ ಶಕೂರ್ ಕೂತಿದ್ದ ಬಿಎಂಡಬ್ಲ್ಯು ಪಕ್ಕಕ್ಕೆ ಬಿಳಿ ಕ್ಯಾಡಿಲಾಕ್ ಒಂದು ಬಂದು ನಿಂತಿತು. ಅದರೊಳಗಿಂದ ಗುಂಡು ಹಾರಿತು. ಆರು ದಿನ ಆಸ್ಪತ್ರೆಯಲ್ಲಿದ್ದು ಟುಪಾಕ್ ತೀರಿಕೊಂಡ. ವಯಸ್ಸು 25. ಕಾರು ಓಡಿಸುತ್ತಿದ್ದವನು ಡೆತ್ ರೋ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿಯ ಯಜಮಾನ ಶುಗ್ ನೈಟ್.

ಆರು ತಿಂಗಳು ಕಳೆಯಿತು. 1997ರ ಮಾರ್ಚ್ 9, ನಿಮ್ಮ ಊರು. ವಿಲ್ಶೈರ್ ಬುಲವಾರ್ಡ್‌ನ ಪೀಟರ್ಸನ್ ಕಾರ್ ಮ್ಯೂಸಿಯಂನಲ್ಲಿ ಪಾರ್ಟಿ. ಜನ ಜಾಸ್ತಿಯಾಯಿತು ಅಂತ ಅಗ್ನಿಶಾಮಕದವರು ಅದನ್ನು ನಿಲ್ಲಿಸಿದರು. ಕ್ರಿಸ್ಟೋಫರ್ ವ್ಯಾಲೆಸ್, ಅಂದರೆ ನೊಟೋರಿಯಸ್ ಬಿಐಜಿ, ಎಲ್ಲರೂ ಬಿಗ್ಗಿ ಅಂತ ಕರೆಯುತ್ತಿದ್ದ ಬ್ರೂಕ್ಲಿನ್ ಹುಡುಗ, ಹೊರಗೆ ಬಂದು ಸಬರ್ಬನ್ ಗಾಡಿಯ ಮುಂದಿನ ಸೀಟಿನಲ್ಲಿ ಕೂತ. ಮ್ಯೂಸಿಯಂ ದಾಟಿ ಸ್ವಲ್ಪ ದೂರದಲ್ಲೇ ಕೆಂಪು ದೀಪ. ಕಡು ಬಣ್ಣದ ಶೆವರ್ಲೆ ಇಂಪಾಲಾ ಪಕ್ಕಕ್ಕೆ ಬಂತು. ಓಡಿಸುತ್ತಿದ್ದವನು ಸೂಟು ಹಾಕಿ ಬೋ ಟೈ ಕಟ್ಟಿದ್ದ ಅಂತ ಸಾಕ್ಷಿಗಳು ಹೇಳಿದರು. ನಾಲ್ಕು ಗುಂಡು ಬಿಗ್ಗಿಗೆ ತಾಗಿದವು. ಸೀಡರ್ಸ್ ಸೈನಾಯ್ ಆಸ್ಪತ್ರೆಯಲ್ಲಿ ರಾತ್ರಿ 1.15ಕ್ಕೆ ಸತ್ತ ಅಂತ ಘೋಷಿಸಿದರು. ಅವನಿಗೆ 24. ರಸ್ತೆ ತುಂಬ ಜನ. ಹಿಂದಿನ ಕಾರಿನಲ್ಲಿ ಕಾವಲಿಗೆ ಅಂತ ಬಂದಿದ್ದವನು ಪಕ್ಕದ ಇಂಗಲ್‌ವುಡ್ ಊರಿನ ಪೊಲೀಸು, ಡ್ಯೂಟಿ ಮುಗಿಸಿ ಬಂದವನು. ಇಷ್ಟು ಜನರ ಕಣ್ಣೆದುರು ನಡೆದ ಕೊಲೆಗೆ ಇವತ್ತಿನವರೆಗೂ ಒಬ್ಬನ ಮೇಲೂ ಆರೋಪಪಟ್ಟಿ ಇಲ್ಲ.

ಈಗ ನಿಮ್ಮ ಇಲಾಖೆಯ ವಿಷಯಕ್ಕೆ ಬರುತ್ತೇನೆ.

ರಸೆಲ್ ಪೂಲ್ ಅಂತ ನಿಮ್ಮಲ್ಲೊಬ್ಬ ತನಿಖಾಧಿಕಾರಿ ಇದ್ದರು. ಕೊಲೆಯಾಗಿ ಒಂಬತ್ತೇ ದಿನಕ್ಕೆ, ಮಾರ್ಚ್ 18ರಂದು, ನಿಮ್ಮ ಇಬ್ಬರು ಪೊಲೀಸರು ಟ್ರಾಫಿಕ್‌ನಲ್ಲಿ ಜಗಳ ಆಡಿಕೊಂಡರು. ಇಬ್ಬರೂ ಸಮವಸ್ತ್ರದಲ್ಲಿರಲಿಲ್ಲ, ಎದುರಿಗಿರುವವನೂ ಪೊಲೀಸು ಅಂತ ಒಬ್ಬರಿಗೊಬ್ಬರಿಗೆ ಗೊತ್ತಿರಲಿಲ್ಲ. ಒಬ್ಬ ಇನ್ನೊಬ್ಬನನ್ನು ಗುಂಡಿಕ್ಕಿ ಕೊಂದ. ಸತ್ತವನು ಕೆವಿನ್ ಗೇನ್ಸ್. ಶುಗ್ ನೈಟ್‌ನ ಹೆಂಡತಿ ಗಂಡನಿಂದ ದೂರವಾಗಿದ್ದಳು, ಗೇನ್ಸ್ ಅವಳ ಜೊತೆ ಓಡಾಡಿಕೊಂಡಿದ್ದ. ಪೂಲ್ ಈ ಪ್ರಕರಣವನ್ನೂ ನೋಡಿದರು, ಬಿಗ್ಗಿ ಕೊಲೆಯನ್ನೂ ನೋಡಿದರು. ಅದೇ ವರ್ಷದ ನವೆಂಬರ್‌ನಲ್ಲಿ ಡೇವಿಡ್ ಮ್ಯಾಕ್ ಎಂಬ ನಿಮ್ಮದೇ ಪೊಲೀಸು ಬ್ಯಾಂಕ್ ಆಫ್ ಅಮೆರಿಕಾದ ಒಂದು ಶಾಖೆಗೆ ನುಗ್ಗಿ 7,22,000 ಡಾಲರ್ ದೋಚಿದ. ಸಿಕ್ಕಿಬಿದ್ದು 14 ವರ್ಷ ಶಿಕ್ಷೆಯಾಯಿತು. ಮ್ಯಾಕ್ ಬಳಿ ಕಪ್ಪು ಇಂಪಾಲಾ ಇತ್ತು. ಮುಂದಿನ ವರ್ಷ ಅವನ ಹಳೆಯ ಜೊತೆಗಾರ ರಾಫೇಲ್ ಪೆರೆಜ್, ಇಲಾಖೆಯೇ ಜಪ್ತಿ ಮಾಡಿ ಇಟ್ಟಿದ್ದ ಕೊಕೇನ್ ಕದ್ದು ಸಿಕ್ಕಿಬಿದ್ದ.

ಪೆರೆಜ್ ತನ್ನ ಶಿಕ್ಷೆ ಕಡಿಮೆಯಾಗಲಿ ಅಂತ ಬಾಯಿ ಬಿಟ್ಟ. ಅದೇ ರಾಂಪಾರ್ಟ್ ಹಗರಣ. ಗ್ಯಾಂಗ್‌ಗಳನ್ನು ಮಟ್ಟಹಾಕಲು ಇದ್ದ ಪಡೆಯೇ ಸುಳ್ಳು ಸಾಕ್ಷಿ ಹೇಳುತ್ತಿತ್ತು, ಗನ್ ತಂದು ಅಮಾಯಕರ ಪಕ್ಕ ಇಡುತ್ತಿತ್ತು. ಹಾವಿಯರ್ ಒವಾಂಡೋ ಎಂಬ ಹುಡುಗನಿಗೆ ಪೆರೆಜ್ ಮತ್ತು ಅವನ ಜೊತೆಗಾರ ಗುಂಡು ಹೊಡೆದರು, ಅವನು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ. ಮೇಲಿಂದ ಅವನೇ ತಮ್ಮ ಮೇಲೆ ದಾಳಿ ಮಾಡಿದ ಅಂತ ಕೇಸು ಹಾಕಿದರು, ವ್ಹೀಲ್‌ಚೇರ್‌ನಲ್ಲಿದ್ದವನಿಗೆ 23 ವರ್ಷ ಜೈಲಾಯಿತು. ಪೆರೆಜ್ ನಿಜ ಹೇಳಿದ ಮೇಲೆ 1999ರಲ್ಲಿ ಬಿಡುಗಡೆ. ನಗರ ಅವನಿಗೆ ಒಂದೂವರೆ ಕೋಟಿ ಡಾಲರ್ ಪರಿಹಾರ ಕೊಟ್ಟಿತು. ನೂರಕ್ಕೂ ಜಾಸ್ತಿ ಶಿಕ್ಷೆಗಳು ರದ್ದಾದವು. ಕೊನೆಗೆ ಕೇಂದ್ರ ಸರ್ಕಾರ ನ್ಯಾಯಾಲಯದ ಮೂಲಕ ನಿಮ್ಮ ಇಲಾಖೆಯ ಮೇಲೆ ಉಸ್ತುವಾರಿ ಕೂರಿಸಿತು. 2001ರಲ್ಲಿ ಶುರುವಾದದ್ದು ಪೂರ್ತಿ ಮುಗಿದದ್ದು 2013ರಲ್ಲಿ.

ಇದೆಲ್ಲ ಬಿಗ್ಗಿ ಕೊಲೆಗೆ ಸಂಬಂಧಪಟ್ಟದ್ದೇ ಅಂತ ನಾನು ಹೇಳುತ್ತಿಲ್ಲ. ಆದರೆ ಪೂಲ್‌ಗೆ ಅನುಮಾನ ಬಂದದ್ದು ಆ ಕಾಲದಲ್ಲಿ, ಆ ಇಲಾಖೆಯೊಳಗೆ ಕೂತು. ಡೆತ್ ರೋ ಕಂಪನಿಗೆ ಡ್ಯೂಟಿ ಮುಗಿದ ಮೇಲೆ ಕಾವಲು ಕೆಲಸ ಮಾಡುತ್ತಿದ್ದ ಪೊಲೀಸರಿದ್ದಾರೆ, ಮ್ಯಾಕ್‌ನ ಜಾಡು ಹಿಡಿದು ನೋಡಬೇಕು ಅಂತ ಅವರು ಹೇಳಿದರು. ಆ ದಿಕ್ಕಿಗೆ ಹೋಗಬೇಡ ಅಂತ ಆಗಿನ ಮುಖ್ಯಸ್ಥ ಬರ್ನಾರ್ಡ್ ಪಾರ್ಕ್ಸ್ ತಡೆದರು ಅನ್ನುವುದು ಪೂಲ್ ಅವರ ದೂರು. 1999ರಲ್ಲಿ ಕೆಲಸ ಬಿಟ್ಟರು. ಸುಮ್ನೆ ಮನೆಯಲ್ಲಿರಬಹುದಿತ್ತು. ಇರಲಿಲ್ಲ. 2015ರ ಆಗಸ್ಟ್‌ನಲ್ಲಿ ಕೌಂಟಿ ಷರೀಫರ ಕಚೇರಿಗೆ ಹೋಗಿ ಇದೇ ಕೇಸಿನ ಬಗ್ಗೆ ಮಾತಾಡುತ್ತಿದ್ದಾಗಲೇ ಹೃದಯಾಘಾತವಾಗಿ ಸತ್ತರು. ಅವರು ಹೇಳಿದ್ದು ಸರಿಯೋ ತಪ್ಪೋ, ಒಬ್ಬ ಅಧಿಕಾರಿ ಒಂದು ಕೇಸನ್ನು ಅಷ್ಟು ವರ್ಷ ಹೊತ್ತುಕೊಂಡು ತಿರುಗಿದರು ಅನ್ನುವುದು ಸಣ್ಣ ಮಾತಲ್ಲ.

ಮ್ಯಾಕ್ ಮೇಲಾಗಲಿ ಪೆರೆಜ್ ಮೇಲಾಗಲಿ ಈ ಕೊಲೆಯ ಕೇಸು ಯಾವತ್ತೂ ದಾಖಲಾಗಿಲ್ಲ. ಇದನ್ನು ಓದುವವರು ಮರೆಯಬಾರದು. ಕಪ್ಪು ಇಂಪಾಲಾ ಇಟ್ಟುಕೊಂಡವರು ಆಗ ಈ ಊರಲ್ಲಿ ಬೇಕಾದಷ್ಟು ಜನ ಇದ್ದರು.

ಹಾಗಾದರೆ ನನ್ನ ತಕರಾರು ಏನು ಅಂದರೆ, 2005.

ಬಿಗ್ಗಿ ಮನೆಯವರು 2002ರಲ್ಲಿ ನಗರದ ಮೇಲೆ ಸಿವಿಲ್ ದಾವೆ ಹಾಕಿದ್ದರು. ನಿಮ್ಮ ಪೊಲೀಸರೇ ಇದರಲ್ಲಿ ಇದ್ದರು, ಇಲಾಖೆ ಅದನ್ನು ಮುಚ್ಚಿತು ಅನ್ನುವುದು ಆರೋಪ. 2005ರ ಬೇಸಿಗೆಯಲ್ಲಿ ಕೇಂದ್ರ ನ್ಯಾಯಾಲಯದಲ್ಲಿ ವಿಚಾರಣೆ ನಡೆಯುತ್ತಿತ್ತು. ಅರ್ಧ ದಾರಿಯಲ್ಲಿ, ಮನೆಯವರ ವಕೀಲರಿಗೆ ಯಾರೋ ಹೆಸರು ಹೇಳದೆ ಒಂದು ಸುಳಿವು ಕೊಟ್ಟರು. ಜೈಲಿನ ಒಬ್ಬ ಮಾಹಿತಿದಾರ ಮ್ಯಾಕ್ ಮತ್ತು ಪೆರೆಜ್ ಹೆಸರು ಹೇಳಿದ್ದಾನೆ, ಅದು ಇಲಾಖೆಯ ಕಾಗದಗಳಲ್ಲೇ ಇದೆ ಅಂತ. ಹುಡುಕಿದರೆ ಇತ್ತು. ನೂರಾರು ಪುಟ, ಕೊಲೆಯ ತನಿಖೆ ಮಾಡುತ್ತಿದ್ದ ಅಧಿಕಾರಿಯ ಬಳಿಯೇ. ಮರೆತುಬಿಟ್ಟಿದ್ದೆ ಅಂದರು ಆ ಅಧಿಕಾರಿ. ನ್ಯಾಯಾಧೀಶೆ ಫ್ಲಾರೆನ್ಸ್ ಮೇರಿ ಕೂಪರ್ ನಂಬಲಿಲ್ಲ. ಬೇಕಂತಲೇ ಬಚ್ಚಿಟ್ಟದ್ದು ಅಂತ ತೀರ್ಮಾನಿಸಿ ವಿಚಾರಣೆಯನ್ನೇ ರದ್ದು ಮಾಡಿದರು. 2006ರ ಜನವರಿಯಲ್ಲಿ ನಗರಕ್ಕೆ 11 ಲಕ್ಷ ಡಾಲರ್ ದಂಡ ಬಿತ್ತು, ಮನೆಯವರ ಕೋರ್ಟು ಖರ್ಚಿಗೆ.

ನಿಮ್ಮನ್ನೇ ಕೇಳುತ್ತೇನೆ. ಜೈಲಿನ ಮಾಹಿತಿದಾರರ ಮಾತಿಗೆ ಎಷ್ಟು ಬೆಲೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸೌಲಭ್ಯಕ್ಕಾಗಿ ಏನು ಬೇಕಾದರೂ ಹೇಳುತ್ತಾರೆ. ಆ ಮಾತು ಪೊಳ್ಳೇ ಆಗಿದ್ದರೆ ನ್ಯಾಯಾಲಯದಲ್ಲಿ ಹತ್ತು ನಿಮಿಷದಲ್ಲಿ ಒಡೆದು ಹಾಕಬಹುದಿತ್ತು. ಬಚ್ಚಿಡುವ ಅಗತ್ಯ ಏನಿತ್ತು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ನಮ್ಮಲ್ಲಿ ಒಂದು ಗಾದೆ ಇದೆ. ನಿಮ್ಮ ಇಲಾಖೆ ಅವತ್ತು ಹೆಗಲು ಮುಟ್ಟಿಕೊಂಡಿತು. ಅದಾದ ಮೇಲೆ ಈ ಊರಿನ ಜನ, ಅದರಲ್ಲೂ ನಿಮ್ಮ ಮೇಲೆ ಮೊದಲೇ ನಂಬಿಕೆ ಇಲ್ಲದ ಸೌತ್ ಲಾಸ್ ಏಂಜಲೀಸ್‌ನ ಜನ, ಪೊಲೀಸರೇ ಮಾಡಿಸಿದ್ದು ಅಂತ ನಂಬಿದರೆ ಅದರಲ್ಲಿ ಅವರ ತಪ್ಪೇನಿದೆ?

ಕಥೆ ಅಲ್ಲಿಗೇ ಮುಗಿಯಲಿಲ್ಲ. ಮನೆಯವರು ಮತ್ತೆ ದಾವೆ ಹಾಕಿದರು. 2010ರಲ್ಲಿ ಅದನ್ನು ಕೈಬಿಡಲಾಯಿತು. ಕಾರಣ ಕೇಳಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊಲೆಯ ತನಿಖೆಗೆ ಹೊಸ ಜೀವ ಬಂದಿದೆ, ನಮ್ಮ ದಾವೆ ಅದಕ್ಕೆ ಅಡ್ಡ ಬರಬಾರದು ಅಂತ ಮನೆಯವರು ಹಿಂದೆ ಸರಿದರು. ಬೇಕಾದರೆ ಮತ್ತೆ ಹಾಕಬಹುದು ಅನ್ನುವ ದಾರಿ ಉಳಿಸಿಕೊಂಡರು, ಅಷ್ಟೇ. ಆ ಹೊಸ ಜೀವದ ತನಿಖೆ ಇಷ್ಟು ವರ್ಷದಲ್ಲಿ ಏನು ಕಂಡುಹಿಡಿಯಿತು? ಮರಣೋತ್ತರ ಪರೀಕ್ಷೆಯ ವರದಿಯನ್ನು ಹೊರಗೆ ಬಿಡಲು 2012ರ ಡಿಸೆಂಬರ್ ಬೇಕಾಯಿತು, ಅಂದರೆ ಹದಿನೈದು ವರ್ಷಕ್ಕಿಂತ ಜಾಸ್ತಿ. ಉಳಿದದ್ದಕ್ಕೆಲ್ಲ ಒಂದೇ ಉತ್ತರ, ತನಿಖೆ ಇನ್ನೂ ನಡೆಯುತ್ತಿದೆ.

ಇನ್ನೊಂದು ಕಡೆಯನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯ ಅಲ್ಲ. 2006ರಲ್ಲಿ ನೀವು ಒಂದು ವಿಶೇಷ ತಂಡ ಮಾಡಿದಿರಿ. ಅದರಲ್ಲಿದ್ದ ಗ್ರೆಗ್ ಕೇಡಿಂಗ್ ನಿವೃತ್ತರಾದ ಮೇಲೆ 2011ರಿಂದ ಬಹಿರಂಗವಾಗಿ ಹೇಳುತ್ತಿರುವುದು ಪೂಲ್ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಪೊಲೀಸರ ಕೈವಾಡ ಇಲ್ಲ, ಟುಪಾಕ್ ಸಾವಿನ ಸೇಡಿಗೆ ಶುಗ್ ನೈಟ್ ಕಡೆಯವರು ಮಾಡಿಸಿದ್ದು, ಗುಂಡು ಹೊಡೆದವನು 2003ರಲ್ಲೇ ಕೊಲೆಯಾಗಿ ಹೋದ ಅಂತ. ನೈಟ್ ಮೇಲೆ ಈ ವಿಷಯದಲ್ಲಿ ಕೇಸಿಲ್ಲ. ಬೇರೊಂದು ಸಾವಿನ ಪ್ರಕರಣದಲ್ಲಿ 28 ವರ್ಷದ ಶಿಕ್ಷೆಗೆ ಒಳಗಾಗಿ ಜೈಲಿನಲ್ಲಿದ್ದಾನೆ.

ನನ್ನನ್ನು ಕೇಳಿದರೆ, ಎರಡರಲ್ಲಿ ಕೇಡಿಂಗ್ ಹೇಳುವುದೇ ಹೆಚ್ಚು ನಂಬುವಂತಿದೆ. ಗ್ಯಾಂಗ್ ದ್ವೇಷ, ಸೇಡು, ದುಡ್ಡು. ಆ ಕಾಲದ ಈ ಊರಲ್ಲಿ ಇಂಥ ಕೊಲೆಗಳು ಹೀಗೇ ನಡೆಯುತ್ತಿದ್ದವು. ಈ ಮಾತಿಗೆ ಕಾಮೆಂಟಿನಲ್ಲಿ ಬೈಗುಳ ಬೀಳುತ್ತೆ ಅಂತ ಗೊತ್ತು, ಇರಲಿ. ಆದರೆ ನೋಡಿ, ಕೇಡಿಂಗ್ ಹೇಳುವುದು ನಿಜವಾದರೆ ನಿಮ್ಮ ಇಲಾಖೆಯ ಮೇಲಿನ ಅತಿ ದೊಡ್ಡ ಕಳಂಕ ಹೋಗುತ್ತದೆ. ಅದಕ್ಕೆ ಬೇಕಾದ ಕಾಗದ, ಟೇಪು ಎಲ್ಲ ನಿಮ್ಮ ಬೀರುವಿನಲ್ಲೇ ಇವೆ. ನಿರಪರಾಧಿ ಅಂತ ತೋರಿಸುವ ಸಾಕ್ಷಿಗೇ ಬೀಗ ಹಾಕಿ ಕೂರುವ ಇಲಾಖೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಹಾಗಾಗಿ ಎರಡೇ ಸಾಧ್ಯತೆ ಉಳಿಯುತ್ತವೆ. ಒಂದೋ ಆ ಫೈಲಿನಲ್ಲಿ ನಿಮ್ಮವರ ಹೆಸರಿದೆ, ಇಲ್ಲವೋ ನಿಮ್ಮವರ ಸೋಮಾರಿತನ ಇದೆ. ನನಗೆ ಎರಡನೆಯದರ ಮೇಲೇ ಅನುಮಾನ ಜಾಸ್ತಿ.

ಟುಪಾಕ್ ಕೇಸು ಲಾಸ್ ವೇಗಸ್ ಪೊಲೀಸರದ್ದು, ನಮಗೇನು ಅಂತ ನೀವು ಹೇಳಬಹುದು. ಪೂರ್ತಿ ಹಾಗಿಲ್ಲ. ಡ್ವೇನ್ ಡೇವಿಸ್, ಎಲ್ಲರೂ ಕೀಫಿ ಡಿ ಅನ್ನುವವನು, ಆ ಬಿಳಿ ಕ್ಯಾಡಿಲಾಕ್‌ನಲ್ಲಿ ತಾನೂ ಇದ್ದೆ ಅಂತ ಮೊದಲು ಹೇಳಿದ್ದು 2008ರಲ್ಲಿ, ನಿಮ್ಮದೇ ತಂಡದ ಮುಂದೆ. ನೀನು ಇಲ್ಲಿ ಹೇಳಿದ್ದನ್ನು ನಿನ್ನ ವಿರುದ್ಧ ಬಳಸುವುದಿಲ್ಲ ಅನ್ನುವ ಒಪ್ಪಂದದ ಮೇಲೆ ಹೇಳಿದ್ದು. ಮುಂದಿನ ವರ್ಷ ವೇಗಸ್‌ನವರ ಮುಂದೆಯೂ ಮಾತಾಡಿದ. ಎರಡು ಊರಿನ ಪೊಲೀಸರಿಗೂ ಗೊತ್ತಿತ್ತು. ಯಾರೂ ಅಲ್ಲಾಡಲಿಲ್ಲ. ಅವನೇ ಟಿವಿಯಲ್ಲಿ ಹೇಳಿಕೊಂಡ, 2019ರಲ್ಲಿ ಪುಸ್ತಕದಲ್ಲಿ ಬರೆದುಕೊಂಡ, ಆಮೇಲೆ 2023ರ ಸೆಪ್ಟೆಂಬರ್ 29ರಂದು ಬಂಧನವಾಯಿತು. ಇಪ್ಪತ್ತೇಳು ವರ್ಷ. ಅಷ್ಟರಲ್ಲಿ ಗುಂಡು ಹೊಡೆದ ಅನ್ನುವ ಅನುಮಾನ ಇದ್ದ ಆರ್ಲಾಂಡೋ ಆಂಡರ್ಸನ್, ಡೇವಿಸ್‌ನ ಸೋದರಳಿಯ, 1998ರಲ್ಲೇ ಕಾಂಪ್ಟನ್‌ನಲ್ಲಿ ಬೇರೊಂದು ಗುಂಡಿನ ಕಾಳಗದಲ್ಲಿ ಸತ್ತಾಗಿತ್ತು. ಟುಪಾಕ್ ತಾಯಿ ಅಫೇನಿ 2016ರಲ್ಲಿ ಹೋದರು. ಡೇವಿಸ್ ತಾನು ನಿರಪರಾಧಿ ಅನ್ನುತ್ತಿದ್ದಾನೆ, ವಿಚಾರಣೆಯ ದಿನಾಂಕ ಪದೇ ಪದೇ ಮುಂದೆ ಹೋಗಿದೆ. ಅವನ ಗತಿ ನ್ಯಾಯಾಲಯ ನೋಡಿಕೊಳ್ಳಲಿ. ಪೊಲೀಸರ ಕೈಯಲ್ಲಿದ್ದ ಮಾಹಿತಿ ಹದಿನೈದು ವರ್ಷ ಕೊಳೆಯಿತಲ್ಲ, ನಾನು ಹೇಳುತ್ತಿರುವುದು ಅದನ್ನ.

ನಿಮಗೆ ಕೆಲಸ ಬರುವುದಿಲ್ಲ ಅಂತಲೂ ಅಲ್ಲ. 2019ರ ಮಾರ್ಚ್ 31ರಂದು ರ‍್ಯಾಪ್ ಗಾಯಕ ನಿಪ್ಸಿ ಹಸಲ್‌ನನ್ನು ಸ್ಲಾಸನ್ ಅವೆನ್ಯೂದಲ್ಲಿ ಅವನದೇ ಅಂಗಡಿ ಮುಂದೆ ಕೊಂದರು. ಮರುದಿನ ಅವನ ಕಡೆಯವರು ಗ್ಯಾಂಗ್ ಹಿಂಸೆ ತಗ್ಗಿಸುವ ಬಗ್ಗೆ ನಿಮ್ಮ ಇಲಾಖೆಯವರನ್ನೇ ಭೇಟಿ ಮಾಡುವುದಿತ್ತು. ಎರಡೇ ದಿನದಲ್ಲಿ ಕೊಂದವನು ಸಿಕ್ಕ. 2022ರಲ್ಲಿ ತಪ್ಪಿತಸ್ಥ ಅಂತ ತೀರ್ಪು ಬಂತು. ಅಂದರೆ ಗೊತ್ತಿದೆ, ಮಾಡಬಲ್ಲಿರಿ.

ಗಾಸಿಪ್ ಮಾಡುವವರನ್ನು ಬೈದು ಪ್ರಯೋಜನ ಇಲ್ಲ. ದೊಡ್ಡ ಪತ್ರಿಕೆಯೇ ಎಡವಿದೆ. ಲಾಸ್ ಏಂಜಲೀಸ್ ಟೈಮ್ಸ್ 2008ರಲ್ಲಿ ಟುಪಾಕ್ ಮೇಲೆ 1994ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ದಾಳಿಯ ಬಗ್ಗೆ ಬರೆದು, ಆಧಾರವಾಗಿದ್ದ ಎಫ್‌ಬಿಐ ಕಾಗದಗಳು ನಕಲಿ ಅಂತ ಗೊತ್ತಾಗಿ ವರದಿಯನ್ನೇ ಹಿಂದಕ್ಕೆ ತೆಗೆದುಕೊಂಡಿತು. ಅಸಲಿ ಕಾಗದ ಬೀಗದೊಳಗೆ ಇದ್ದರೆ ನಕಲಿ ಕಾಗದಕ್ಕೆ ಗಿರಾಕಿ ಸಿಗುತ್ತಾರೆ, ಅಲ್ವಾ?

ಈಗ ನನ್ನ ಬೇಡಿಕೆಗಳು. ಮೊದಲನೆಯದು, 2005ರಲ್ಲಿ ಸಿಕ್ಕ ಆ ಕಾಗದಗಳನ್ನೂ, ಅವುಗಳನ್ನು ಬಚ್ಚಿಟ್ಟದ್ದರ ಬಗ್ಗೆ ಇಲಾಖೆ ಒಳಗೆ ನಡೆಸಿದ ವಿಚಾರಣೆ ಏನಾದರೂ ಇದ್ದರೆ ಅದರ ಫಲಿತಾಂಶವನ್ನೂ ಪ್ರಕಟಿಸಿ. 2019ರ ಜನವರಿಯಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ, ಪೊಲೀಸರು ಸುಳ್ಳು ಹೇಳಿದ್ದು ಅಥವಾ ಸಾಕ್ಷ್ಯ ಮುಚ್ಚಿಟ್ಟದ್ದು ವಿಚಾರಣೆಯಲ್ಲಿ ಸಾಬೀತಾಗಿದ್ದರೆ ಆ ದಾಖಲೆ ಜನರಿಗೆ ಸಿಗಬೇಕು. ಇಲಾಖೆ ವಿಚಾರಣೆಯನ್ನೇ ಮಾಡಿರದಿದ್ದರೆ ಅದನ್ನಾದರೂ ಒಪ್ಪಿಕೊಳ್ಳಿ. ನ್ಯಾಯಾಧೀಶರೇ ಬೇಕಂತ ಮಾಡಿದ್ದು ಅಂದ ಮೇಲೆ ಒಳಗೆ ಯಾರೂ ಏನೂ ಕೇಳಲಿಲ್ಲ ಅಂದರೆ ಅದೂ ಒಂದು ಸುದ್ದಿಯೇ.

ಎರಡನೆಯದು ಕೊಲೆಯ ಫೈಲು. ತನಿಖೆಯ ಕಡತಗಳನ್ನು ಕೊಡದೇ ಇರಲು ರಾಜ್ಯದ ಕಾನೂನು ನಿಮಗೆ ಅವಕಾಶ ಕೊಟ್ಟಿದೆ, ಗೊತ್ತು. ಆದರೆ ಅದು ಅವಕಾಶ, ನಿಷೇಧ ಅಲ್ಲ. ಮನಸ್ಸು ಮಾಡಿದರೆ ನೀವು ಕೊಡಬಹುದು. ಜೀವಕ್ಕೆ ಅಪಾಯ ಇರುವ ಸಾಕ್ಷಿಗಳ ಹೆಸರಿಗೆ ಕಪ್ಪು ಬಳಿದು ಉಳಿದದ್ದನ್ನು ಕೊಡಿ. ಎಫ್‌ಬಿಐ ತನ್ನ ಪಾಲಿನ ಕಾಗದಗಳನ್ನು 2011ರಲ್ಲಿ ಹಾಗೇ ಕೊಟ್ಟಿತು. ತನಿಖೆ ನಿಜವಾಗಿಯೂ ನಡೆಯುತ್ತಿದ್ದರೆ ಬೇರೆ ಮಾತು. ಆಗ ಈ ಕೇಸಿಗೆ ಈಗ ಎಷ್ಟು ಜನ ಅಧಿಕಾರಿಗಳಿದ್ದಾರೆ, ಕೊನೆಯ ಸಲ ಯಾವ ವರ್ಷ ಯಾರನ್ನಾದರೂ ಪ್ರಶ್ನೆ ಮಾಡಲಾಯಿತು, ಇಷ್ಟನ್ನು ಹೇಳಿ. ಇದರಿಂದ ಯಾವ ಅಪರಾಧಿಯೂ ತಪ್ಪಿಸಿಕೊಳ್ಳುವುದಿಲ್ಲ.

ಕೊನೆಯದು, ಈ ಫೈಲನ್ನು ನಿಮ್ಮ ಇಲಾಖೆಯವರೇ ಮತ್ತೆ ತಿರುವಿ ಹಾಕಿ ಎಲ್ಲ ಸರಿಯಿದೆ ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ಪೊಲೀಸ್ ಕಮಿಷನ್ನಿನ ಕೆಳಗೆ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಇದೆ, ಇಂಥದ್ದಕ್ಕೇ ಇರುವುದು. ಅವರಿಗೆ ಕೊಡಿ. ಪೂಲ್ ಹೇಳಿದ್ದನ್ನೂ ಕೇಡಿಂಗ್ ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ ಬರೆಯಲಿ. ವರದಿಯ ಮೊದಲ ಪ್ರತಿ ಬಿಗ್ಗಿಯ ಮಕ್ಕಳಿಗೆ ಹೋಗಲಿ, ಪತ್ರಿಕೆಗಳಿಗೆ ಆಮೇಲೆ. ಅಪ್ಪ ಸತ್ತಾಗ ಮಗಳಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ, ಮಗ ಇನ್ನೂ ಕೂಸು. ಅಜ್ಜಿ ಕೇಳುತ್ತಿದ್ದ ಪ್ರಶ್ನೆ ಈಗ ಅವರದ್ದು.

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ಪೊಲೀಸ್ ಕಮಿಷನ್ನಿಗೂ ಕಳಿಸುತ್ತಿದ್ದೇನೆ. ಉತ್ತರ ಬಂದರೆ ಕನ್ನಡಕ್ಕೆ ತಂದು ಇಲ್ಲೇ ಹಾಕುತ್ತೇನೆ.

ಇಂತಿ,
ನಿಮ್ಮ ಊರಿನಲ್ಲಿ ತೆರಿಗೆ ಕಟ್ಟುವ ಒಬ್ಬ ಕನ್ನಡಿಗ